ಸ್ಲೈಡ್ ಕಂದು ಬಂತು, ಸರಿ. ಅದು ವಿಮ್ಯಾಟ್ ಅಂತ ಯಾರು ಹೇಳಿದರು?

ಕಳೆದ ಸಂಚಿಕೆಯಲ್ಲಿ ಪಾರ್ಕಿನ್ಸನ್ ಕಾಯಿಲೆ ಬಗ್ಗೆ ಎರಡು ಪುಟ ಬರೆದಿದ್ದೆ. ಅದರ ಪರಿಣಾಮ ಇರಬೇಕು, ಈ ಸಲ ಬಂದ ಪ್ರಶ್ನೆಗಳೆಲ್ಲ ಮೆದುಳಿನ ಸುತ್ತಲೇ ಇವೆ. ಅದರಲ್ಲೂ ವಿಮ್ಯಾಟ್ ಅನ್ನುವ ಪ್ರೋಟೀನನ್ನು ಇಲಿಯ ಮೆದುಳಿನಲ್ಲಿ ಹುಡುಕುತ್ತಿರುವ ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಪತ್ರ ಎಷ್ಟು ಚೆನ್ನಾಗಿದೆ ಅಂದರೆ, ಅರ್ಧ ಜಾಗ ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಯಾವಾಗ ಫೋನ್ ಮಾಡಿದರೂ ‘ಆ್ಯಂಟಿಬಾಡಿ ಇನ್ನೂ ಬಂದಿಲ್ಲಮ್ಮ, ಕೆಲಸ ನಿಂತಿದೆ’ ಅಂತಾಳೆ. ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ ಆ್ಯಂಟಿಬಾಡಿ ಅದೇನಾ? ಇಲಿಯ ಮೆದುಳಿಗೆ ಅದನ್ನು ಯಾಕೆ ಹಾಕುತ್ತಾರೆ? ಒಂದು ಪುಟಾಣಿ ಟ್ಯೂಬಿಗೆ ಮೂವತ್ತು ನಲವತ್ತು ಸಾವಿರ ಆಗುತ್ತಂತೆ, ನಿಜವಾ?
— ಒಬ್ಬ ತಾಯಿ, ಮಂಡ್ಯ

ಉತ್ತರ: ಬೆಲೆ ನಿಜ ಅಮ್ಮ. ಟ್ಯೂಬಿನಲ್ಲಿರುವುದು ಸಾಮಾನ್ಯವಾಗಿ 100 ಮೈಕ್ರೋಲೀಟರ್, ಅಂದರೆ ಎರಡು ಹನಿ. ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ.

ಆ್ಯಂಟಿಬಾಡಿ ಜಾತಿಯೂ ಅದೇ. ಮೈಯೊಳಗೆ ಹೊರಗಿನ ಪ್ರೋಟೀನ್ ಬಂದರೆ ಅದನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನನ್ನು ದೇಹದ ರೋಗನಿರೋಧಕ ಕೋಶಗಳು ತಯಾರಿಸುತ್ತವೆ. ಅದೇ ಆ್ಯಂಟಿಬಾಡಿ. ವಿಜ್ಞಾನಿಗಳು ಮಾಡಿದ ಉಪಾಯ ಏನೆಂದರೆ, ತಮಗೆ ಹುಡುಕಬೇಕಾದ ಪ್ರೋಟೀನಿನ ಒಂದು ತುಂಡನ್ನು ಮೊಲಕ್ಕೋ ಮೇಕೆಗೋ ಚುಚ್ಚುತ್ತಾರೆ. ಕೆಲವು ವಾರಗಳಲ್ಲಿ ಆ ಪ್ರಾಣಿಯ ರಕ್ತದಲ್ಲಿ ಆ ತುಂಡಿಗೇ ಅಂಟುವ ಆ್ಯಂಟಿಬಾಡಿ ತಯಾರಾಗುತ್ತದೆ. ಅದನ್ನು ಬೇರ್ಪಡಿಸಿ ತೆಳುವಾಗಿ ಕತ್ತರಿಸಿದ ಮೆದುಳಿನ ಹಾಳೆಯ ಮೇಲೆ ಬಿಟ್ಟರೆ, ಆ ಪ್ರೋಟೀನ್ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಹೋಗಿ ಕೂರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅದರ ಬೆನ್ನಿಗೆ ಬಣ್ಣ ಹೊತ್ತ ಇನ್ನೊಂದು ಆ್ಯಂಟಿಬಾಡಿಯನ್ನು ಕಳಿಸುತ್ತಾರೆ. ಹೊಳೆಯುವ ಬಣ್ಣವನ್ನು ಆ್ಯಂಟಿಬಾಡಿಗೆ ಕಟ್ಟುವ ಕೆಲಸವನ್ನು ಮೊದಲು ಮಾಡಿದ್ದು ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಅವರ ಜೊತೆಗಾರರು, 1941ರಲ್ಲಿ.

ಇನ್ನು ಮೆದುಳಿಗೆ ಯಾಕೆ ಅಂದರೆ, ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕೊಡುವುದು ರಾಸಾಯನಿಕದ ಮೂಲಕ. ಡೋಪಮಿನ್, ಸೆರೊಟೋನಿನ್, ಗ್ಲುಟಮೇಟ್ ಇವೆಲ್ಲ ಅಂಥವು. ಇವುಗಳನ್ನು ಸಾಗಿಸುವುದಕ್ಕೇ ಅಂತ ಬೇರೆ ಪ್ರೋಟೀನುಗಳಿವೆ, ಟ್ರಾನ್ಸ್‌ಪೋರ್ಟರ್ ಅಂತ ಕರೆಯುತ್ತಾರೆ. ಕೆಲವು ಕೋಶದ ಹೊರಪೊರೆಯಲ್ಲಿ ಕೂತು, ಹೊರಗೆ ಚೆಲ್ಲಿದ ರಾಸಾಯನಿಕವನ್ನು ವಾಪಸ್ ಎಳೆದುಕೊಳ್ಳುತ್ತವೆ. ಕೆಲವು ಕೋಶದ ಒಳಗೆ ವೆಸಿಕಲ್ ಎನ್ನುವ ಸಣ್ಣ ಚೀಲಗಳ ಪೊರೆಯಲ್ಲಿ ಕೂತು, ಅದನ್ನು ಚೀಲಕ್ಕೆ ತುಂಬುತ್ತವೆ. ಯಾವ ಟ್ರಾನ್ಸ್‌ಪೋರ್ಟರ್ ಎಲ್ಲಿದೆ, ಎಷ್ಟಿದೆ ಅಂತ ಗೊತ್ತಾದರೆ ಯಾವ ಜಾತಿಯ ನರ ಎಲ್ಲಿ ಬದುಕಿದೆ, ಎಲ್ಲಿ ಸತ್ತಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮಗಳು ಕಾಯುತ್ತಿರುವುದು ಬಹುಶಃ ಅದಕ್ಕೇ.

ಪ್ರಶ್ನೆ: ನಾನು ಇಲಿಯ ಮೆದುಳಿನಲ್ಲಿ ವಿಮ್ಯಾಟ್-2 ನೋಡುತ್ತಿದ್ದೇನೆ. ಮೊಲದ ಪಾಲಿಕ್ಲೋನಲ್ ಆ್ಯಂಟಿಬಾಡಿ, 1:500. 40 ಮೈಕ್ರಾನ್ ಸೆಕ್ಷನ್, ಡ್ಯಾಬ್ ಬಣ್ಣ. ಇಡೀ ಸೆಕ್ಷನ್ ಕಂದು ಬರುತ್ತಿದೆ. ಸ್ಟ್ರಯೇಟಮ್ ಗಾಢವಾಗಿದೆ ನಿಜ, ಆದರೆ ಕಾರ್ಟೆಕ್ಸಿನ ಕೋಶಗಳೂ ಕಂದು. ಸೀನಿಯರ್ ಒಬ್ಬರು ‘ಸ್ಟ್ರಯೇಟಮ್ ಬಂದಿದೆಯಲ್ಲ, ಫೋಟೊ ತೆಗೆದು ಮುಗಿಸು’ ಅನ್ನುತ್ತಾರೆ. ವೆಸ್ಟರ್ನ್ ಬ್ಲಾಟ್‌ನಲ್ಲಿ 55ರ ಹತ್ತಿರ ಒಂದು, 75ರ ಹತ್ತಿರ ಒಂದು ಪಟ್ಟಿ, ಜೆಲ್‌ನ ತುದಿಯಲ್ಲಿ ದೊಡ್ಡ ಮಸಿ. ಕಂಪನಿಯ ಚಿತ್ರದಲ್ಲಿ ಒಂದೇ ಒಂದು ಚೊಕ್ಕ ಪಟ್ಟಿ ಇದೆ. ಯಾವುದನ್ನು ನಂಬಲಿ?
— ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಸದ್ಯಕ್ಕೆ ಯಾವುದನ್ನೂ ನಂಬಬೇಡಿ. ಫೋಟೊವನ್ನಂತೂ ತೆಗೆಯಲೇಬೇಡಿ. ಸೀನಿಯರ್ ಮೇಲೆ ನನಗೇನೂ ಸಿಟ್ಟಿಲ್ಲ, ಸ್ಕಾಲರ್‌ಶಿಪ್ ಮುಗಿಯುವ ಹೊತ್ತಿಗೆ ಎಲ್ಲರೂ ಹಾಗೇ ಮಾತಾಡುತ್ತಾರೆ. ಆದರೆ ಕಾರ್ಟೆಕ್ಸಿನ ಕೋಶಗಳು ಕಂದು ಬಂದಿವೆ ಅಂತ ನೀವೇ ಗಮನಿಸಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಉಳಿದ ಓದುಗರಿಗೆ ಎರಡು ಮಾತು. ಸೆಕ್ಷನ್ ಅಂದರೆ ತೆಳುವಾಗಿ ಕತ್ತರಿಸಿದ ಮೆದುಳಿನ ಹಾಳೆ. ಪಾಲಿಕ್ಲೋನಲ್ ಅಂದರೆ ಹಲವು ಬಗೆಯ ಆ್ಯಂಟಿಬಾಡಿಗಳ ಮಿಶ್ರಣ, 1:500 ಅಂದರೆ ಐನೂರು ಪಾಲಿನಲ್ಲಿ ಒಂದು ಪಾಲು ಆ್ಯಂಟಿಬಾಡಿ. ಡ್ಯಾಬ್ ಅಂದರೆ ಎರಡನೇ ಆ್ಯಂಟಿಬಾಡಿ ಕೂತ ಕಡೆ ಕಂದು ಬಣ್ಣ ಬಿಡುವ ರಾಸಾಯನಿಕ. ಕಾರ್ಟೆಕ್ಸ್ ಮೆದುಳಿನ ಹೊರಪದರ, ಸ್ಟ್ರಯೇಟಮ್ ಒಳಗಡೆ ಡೋಪಮಿನ್ ಎಳೆಗಳು ದಟ್ಟವಾಗಿ ಬಂದು ಸೇರುವ ಜಾಗ. ವೆಸ್ಟರ್ನ್ ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್ ಒಳಗೆ ತೂಕದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಹುಡುಕುವುದು; 55, 75 ಅನ್ನುವುದು ಕಿಲೋಡಾಲ್ಟನ್ ಲೆಕ್ಕದಲ್ಲಿ ಆ ತೂಕ. ವಿಮ್ಯಾಟ್-2 ವೆಸಿಕಲ್‌ಗೆ ತುಂಬುವ ಜಾತಿಯದು. ಡೋಪಮಿನ್, ಸೆರೊಟೋನಿನ್, ನಾರ್‌ಅಡ್ರಿನಲಿನ್, ಹಿಸ್ಟಮಿನ್ ಈ ನಾಲ್ಕನ್ನೂ ಚೀಲಕ್ಕೆ ತುಂಬುವುದು ಇದೇ. ಚೀಲದ ಒಳಗೆ ಆಮ್ಲ ಇರುತ್ತದೆ, ಪಿಎಚ್ ಸುಮಾರು 5.5. ಎರಡು ಪ್ರೋಟಾನ್ ಹೊರಗೆ ಬಿಟ್ಟು ಒಂದು ಡೋಪಮಿನ್ ಒಳಗೆ ತೆಗೆದುಕೊಳ್ಳುವುದು ಇದರ ಲೆಕ್ಕ. ಪೊರೆಯನ್ನು ಹನ್ನೆರಡು ಸಲ ದಾಟುವ ಪ್ರೋಟೀನ್ ಇದು. ಎರಡು ತುದಿಗಳೂ ಕೋಶದ್ರವದ ಕಡೆಗೆ ಚಾಚಿಕೊಂಡಿರುತ್ತವೆ, ಒಂದು ದೊಡ್ಡ ಕುಣಿಕೆ ಮಾತ್ರ ಚೀಲದ ಒಳಗೆ ಇರುತ್ತದೆ.

ಈಗ ನಿಮ್ಮ ವಿಷಯ. ಮೆದುಳಿನಲ್ಲಿ ವಿಮ್ಯಾಟ್-2 ಇರುವ ಕೋಶಗಳ ದೇಹ ಎಲ್ಲಿರಬೇಕು ಅಂತ ದಶಕಗಳಿಂದ ಗೊತ್ತು. ಸಬ್‌ಸ್ಟಾನ್ಷಿಯಾ ನೈಗ್ರಾ ಮತ್ತು ಅದರ ಪಕ್ಕದ ವಿಟಿಎಯಲ್ಲಿ ಡೋಪಮಿನ್ ಕೋಶಗಳು, ನಡುಗೆರೆಯ ರಾಫೆಯಲ್ಲಿ ಸೆರೊಟೋನಿನ್ ಕೋಶಗಳು, ಕೆಳಗೆ ಲೋಕಸ್ ಸೆರುಲಿಯಸ್‌ನಲ್ಲಿ ನಾರ್‌ಅಡ್ರಿನಲಿನ್ ಕೋಶಗಳು, ಹೈಪೋಥಲಾಮಸ್‌ನ ಒಂದು ಮೂಲೆಯಲ್ಲಿ ಹಿಸ್ಟಮಿನ್ ಕೋಶಗಳು. ಕಾರ್ಟೆಕ್ಸಿನಲ್ಲಿ ಬಣ್ಣ ಬರುವುದೇ ತಪ್ಪಲ್ಲ. ರಾಫೆಯಿಂದಲೂ ಸೆರುಲಿಯಸ್‌ನಿಂದಲೂ ಎಳೆಗಳು ಅಲ್ಲಿಗೆ ಬಂದಿರುತ್ತವೆ. ಆದರೆ ಅವು ಮಣಿ ಪೋಣಿಸಿದಂತೆ ಗುಬ್ಬುಗುಬ್ಬಾದ ಸಣ್ಣ ಎಳೆಗಳಾಗಿ ಕಾಣಬೇಕು. ವಯಸ್ಕ ಇಲಿಯ ಕಾರ್ಟೆಕ್ಸಿನಲ್ಲಿ ಕೋಶದ ದೇಹವೇ ತುಂಬಿ ಕಂದಾಗಿದ್ದರೆ ಅನುಮಾನ ಪಡಲೇಬೇಕು. ಕಾರ್ಪಸ್ ಕಲೋಸಮ್ ನೋಡಿ. ಅದು ಮೆದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ಬಿಳಿ ಪಟ್ಟಿ, ಅಲ್ಲಿ ಹೆಚ್ಚುಕಡಿಮೆ ಏನೂ ಇರಬಾರದು. ಅದೂ ಕಂದಾ? ಹಾಗಾದರೆ ನೀವು ನೋಡುತ್ತಿರುವುದು ಬರೀ ಹಿನ್ನೆಲೆ. ಸ್ಟ್ರಯೇಟಮ್ ಗಾಢ ಅಂತೀರಿ, ಆದರೆ ಕಲೋಸಮ್‌ಗಿಂತ ಎಷ್ಟು ಗಾಢ ಅನ್ನುವುದು ಮುಖ್ಯ.

ಮೊದಲು ಸುಲಭದ್ದು ಮಾಡಿ. ಮೊದಲ ಆ್ಯಂಟಿಬಾಡಿ ಹಾಕದೆ, ಉಳಿದದ್ದೆಲ್ಲ ಹಾಗೇ ಮಾಡಿದ ಒಂದು ಸೆಕ್ಷನ್ ಇಡಿ. ಅದೂ ಕಂದು ಬಂದರೆ ದೋಷ ವಿಮ್ಯಾಟ್ ಆ್ಯಂಟಿಬಾಡಿಯದ್ದಲ್ಲ. ಇಲಿಯ ರಕ್ತವನ್ನು ಪೂರ್ತಿ ತೊಳೆಯದೆ ಫಿಕ್ಸ್ ಮಾಡಿದ್ದರೆ (ಅಂದರೆ ಮೆದುಳನ್ನು ಕೆಡದಂತೆ ರಾಸಾಯನಿಕದಲ್ಲಿ ಇಟ್ಟಿದ್ದರೆ) ಕೆಂಪು ರಕ್ತಕಣಗಳೇ ಡ್ಯಾಬ್ ಜೊತೆ ಸೇರಿ ಕಂದಾಗುತ್ತವೆ. ಅದನ್ನು ತಡೆಯಲು ಸೆಕ್ಷನ್ನನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮೊದಲೇ ನೆನೆಸಿದ್ದೀರಾ? ಬ್ಲಾಕಿಂಗ್‌ಗೆ (ಆ್ಯಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದಂತೆ ಮೊದಲೇ ತಡೆಯುವುದಕ್ಕೆ) ಯಾವ ಸೀರಮ್ ಹಾಕಿದಿರಿ? ಎರಡನೇ ಆ್ಯಂಟಿಬಾಡಿ ಮೇಕೆಯದಾದರೆ ಮೇಕೆ ಸೀರಮ್ಮೇ ಹಾಕಬೇಕು. ಕಪಾಟಿನಲ್ಲಿ ಮೊಲದ ಸೀರಮ್ ಇತ್ತು ಅಂತ ಅದನ್ನೇ ಸುರಿದರೆ, ಮೊಲ ವಿರೋಧಿ ಆ್ಯಂಟಿಬಾಡಿ ಇಡೀ ಸೆಕ್ಷನ್ ಮೇಲೆ ಹಬ್ಬ ಮಾಡುತ್ತದೆ.

ಆ ಖಾಲಿ ಸೆಕ್ಷನ್ ಸ್ವಚ್ಛ ಇದ್ದರೆ ಮುಂದಿನ ಅನುಮಾನ 1:500ರ ಮೇಲೆ. ಡಬ್ಬಿಯ ಮೇಲೆ ಬರೆದದ್ದು ಕಂಪನಿಯ ಅಂದಾಜು, ನಿಮ್ಮ ಇಲಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಒಂದೇ ಮೆದುಳಿನ ಪಕ್ಕಪಕ್ಕದ ಸೆಕ್ಷನ್‌ಗಳನ್ನು 1:500, 1:1000, 1:2000, 1:5000, ಬೇಕಾದರೆ 1:10000ರಲ್ಲೂ ಇಡಿ, 4 ಡಿಗ್ರಿಯಲ್ಲಿ ಇಡೀ ರಾತ್ರಿ. ಸ್ಟ್ರಯೇಟಮ್ ಉಳಿದು ಕಲೋಸಮ್ ಮಾಯವಾಗುವ ಜಾಗ ಎಲ್ಲೋ ಸಿಗುತ್ತದೆ. ತೆಳುವಾದಷ್ಟೂ ದುಡ್ಡೂ ಉಳಿಯುತ್ತದೆ ಅನ್ನುವುದು ಬೇರೆ ಮಾತು. ಎಲ್ಲ ತೆಳುವಿನಲ್ಲೂ ಕಾರ್ಟೆಕ್ಸ್ ಮತ್ತು ಸ್ಟ್ರಯೇಟಮ್ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಆ ಟ್ಯೂಬಿನಲ್ಲಿರುವ ಆ್ಯಂಟಿಬಾಡಿ ಬೇರೆ ಯಾವುದಕ್ಕೋ ಅಂಟುತ್ತಿದೆ. ಆಗ ಬದಲಿ ಕೇಳಿ.

ಫಿಕ್ಸ್ ಮಾಡಿದ ಮೆದುಳು ಎಷ್ಟು ದಿನ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಇತ್ತು ಅಂತ ನೀವು ಬರೆದಿಲ್ಲ. ಒಂದು ರಾತ್ರಿ ಸಾಕು. ದಸರಾ ರಜೆಗೆ ಊರಿಗೆ ಹೋಗಿ ಬರುವವರೆಗೆ ಅದರಲ್ಲೇ ಬಿಟ್ಟಿದ್ದರೆ ಆ್ಯಂಟಿಬಾಡಿ ಹಿಡಿಯಬೇಕಾದ ಜಾಗ ಮುಚ್ಚಿಹೋಗುತ್ತದೆ, ಹಿನ್ನೆಲೆಯೂ ಜಾಸ್ತಿಯಾಗುತ್ತದೆ. ಆಮೇಲೆ ಟ್ರೈಟಾನ್, ಅಂದರೆ ಕೋಶದ ಪೊರೆಯಲ್ಲಿ ತೂತು ಮಾಡುವ ಸಾಬೂನಿನಂಥದ್ದು. ನಿಮ್ಮ ಆ್ಯಂಟಿಬಾಡಿ ಪ್ರೋಟೀನಿನ ಬಾಲದ ತುದಿಗೆ ಮಾಡಿದ್ದಾದರೆ ಅದು ಕೋಶದ ಒಳಗೆ ನುಗ್ಗಬೇಕು, 0.3 ಶೇಕಡಾ ಟ್ರೈಟಾನ್ ಬೇಕಾಗಬಹುದು. ಯಾವ ತುಂಡಿಗೆ ಮಾಡಿದ ಆ್ಯಂಟಿಬಾಡಿ ಅಂತ ಡೇಟಾ ಶೀಟಿನಲ್ಲಿ ನೋಡಿ. ಆ ತುಂಡು ಮನುಷ್ಯರದಾ, ಇಲಿಯದಾ ಅಂತಲೂ ನೋಡಿ. ಮನುಷ್ಯರ ಪ್ರೋಟೀನಿಗೆ ಮಾಡಿದ್ದು ಇಲಿಯಲ್ಲಿ ಕೆಲಸ ಮಾಡಬಹುದು, ಮಾಡದೇ ಇರಬಹುದು.

ಈಗ ಬ್ಲಾಟ್. ಇಲ್ಲಿ ನಿಮಗೆ ಒಳ್ಳೆ ಸುದ್ದಿ ಇದೆ. ಜೆಲ್ ತುದಿಯ ಮಸಿ ಎಲ್ಲಿಂದ ಬಂತು ಅಂತ ಹೆಚ್ಚುಕಡಿಮೆ ಊಹಿಸಬಹುದು. ಸ್ಯಾಂಪಲ್ಲನ್ನು 95 ಡಿಗ್ರಿಗೆ ಐದು ನಿಮಿಷ ಕುದಿಸಿದ್ದೀರಿ, ಅಲ್ವಾ? ಪಠ್ಯಪುಸ್ತಕದಲ್ಲಿ ಹಾಗೇ ಇದೆ. ಹನ್ನೆರಡು ಸಲ ಪೊರೆ ದಾಟುವ ಪ್ರೋಟೀನನ್ನು ಕುದಿಸಿದರೆ ಅದು ಅವಸರದಲ್ಲಿ ತೊಳಸಿದ ರಾಗಿ ಮುದ್ದೆ ಹಾಗೆ ಗಂಟು ಕಟ್ಟುತ್ತದೆ. ಗಂಟು ಜೆಲ್ ಒಳಗೆ ಇಳಿಯುವುದಿಲ್ಲ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ, ಅಥವಾ 50ರಲ್ಲಿ ಹತ್ತು ನಿಮಿಷ. ಮಸಿ ಕಡಿಮೆಯಾಗಿ ಪಟ್ಟಿಗಳು ಗಾಢವಾದರೆ ಊಹೆ ಸರಿ.

ಎರಡು ಪಟ್ಟಿ ಬಂದಿದೆ ಅಂತ ಗಾಬರಿ ಬೇಡ. ಅಮೈನೋ ಆಮ್ಲಗಳ ಲೆಕ್ಕದಲ್ಲಿ ವಿಮ್ಯಾಟ್-2ರ ತೂಕ ಸುಮಾರು 55 ಕಿಲೋಡಾಲ್ಟನ್. ಚೀಲದ ಒಳಗಿರುವ ಆ ದೊಡ್ಡ ಕುಣಿಕೆಗೆ ಸಕ್ಕರೆ ಸರಪಳಿಗಳು ಸೇರಿಕೊಂಡ ಮೇಲೆ ಅದು 75ರ ಆಸುಪಾಸಿಗೆ ಏರುತ್ತದೆ. ಕೆಲಸ ಮಾಡುವ, ಪೂರ್ತಿ ತಯಾರಾದ ರೂಪ ಈ ಮೇಲಿನದ್ದೇ. ಹಾಗಾಗಿ ಎರಡೂ ನಿಜವಿರಬಹುದು. ಊಹೆಯಲ್ಲಿ ಬಿಡಬೇಕಿಲ್ಲ, ಪಿಎನ್‌ಗೇಸ್-ಎಫ್ ಅನ್ನುವ ಕಿಣ್ವ ಹಾಕಿ ಸಕ್ಕರೆ ಕತ್ತರಿಸಿ. ಮೇಲಿನ ಪಟ್ಟಿ ಕೆಳಗೆ ಇಳಿದರೆ ಅದು ಸಕ್ಕರೆ ಹೊತ್ತ ಪ್ರೋಟೀನ್ ಅಂತ ಖಾತ್ರಿ. ಇಳಿಯದಿದ್ದರೆ 75 ಬೇರೆ ಯಾರದೋ. ಜೊತೆಗೆ ಪಕ್ಕದ ಲೇನಿನಲ್ಲಿ ಸೆರೆಬೆಲಮ್ (ಕಿರುಮೆದುಳು) ಹಾಕಿ, ಅಲ್ಲಿ ವಿಮ್ಯಾಟ್ ಬಹಳ ಕಡಿಮೆ. ಸ್ಟ್ರಯೇಟಮ್‌ನಲ್ಲಿ ಗಾಢ, ಸೆರೆಬೆಲಮ್‌ನಲ್ಲಿ ತೀರಾ ತೆಳು ಬರಬೇಕು. ಎರಡರಲ್ಲೂ ಸಮ ಬಂದರೆ ಕೆಟ್ಟ ಸುದ್ದಿ. ಕಂಪನಿಯ ಚಿತ್ರದ ಚೊಕ್ಕ ಪಟ್ಟಿ ಬಗ್ಗೆ ಒಂದು ಮಾತು: ಕೆಲವು ಸಲ ಆ ಪ್ರೋಟೀನನ್ನು ಬಲವಂತವಾಗಿ ತುಂಬಿಸಿದ ಕೋಶಗಳಿಂದ ಆ ಚಿತ್ರ ತೆಗೆದಿರುತ್ತಾರೆ. ಅಷ್ಟು ತುಂಬಿದ ಕಡೆ ಎಂಥ ಆ್ಯಂಟಿಬಾಡಿಯೂ ಚೆಂದ ಕಾಣುತ್ತದೆ.

ಕೊನೆಗೆ ದೊಡ್ಡ ಸಾಕ್ಷಿ. ಎಲ್ಲಕ್ಕಿಂತ ಬಲವಾದದ್ದು ನಾಕ್‌ಔಟ್ ಪ್ರಾಣಿ, ಅಂದರೆ ಆ ಜೀನ್ ಇಲ್ಲದ್ದು. ಆದರೆ ವಿಮ್ಯಾಟ್-2 ಇಲ್ಲದ ಮರಿಗಳು ಹುಟ್ಟಿದ ಕೆಲವೇ ದಿನದಲ್ಲಿ ಸಾಯುತ್ತವೆ, ದೊಡ್ಡ ಪ್ರಾಣಿಯ ಮೆದುಳು ಸಿಗುವುದಿಲ್ಲ. ನಮ್ಮ ಕಡೆ ಅದನ್ನು ತರಿಸುವುದೂ ಕಷ್ಟ. ಅದರ ಬದಲು ಇಲಿಯ ಮೆದುಳಿನ ಒಂದೇ ಪಕ್ಕಕ್ಕೆ 6-ಹೈಡ್ರಾಕ್ಸಿಡೋಪಮಿನ್ ಚುಚ್ಚಿದ ಸೆಕ್ಷನ್ ಬಳಸಿ. 1968ರಿಂದ ಬಳಕೆಯಲ್ಲಿರುವ ವಿಧಾನ ಇದು. ಆ ವಿಷ ಡೋಪಮಿನ್ ಕೋಶಗಳ ಒಳಗೆ ಅವುಗಳದೇ ಟ್ರಾನ್ಸ್‌ಪೋರ್ಟರ್ ಮೂಲಕ ಹೋಗಿ ಕೊಲ್ಲುತ್ತದೆ. ಒಂದೇ ಸೆಕ್ಷನ್ನಿನಲ್ಲಿ ಒಂದು ಕಡೆಯ ಸ್ಟ್ರಯೇಟಮ್ ಕಪ್ಪು, ಇನ್ನೊಂದು ಕಡೆ ಬಿಳಚಿಕೊಂಡಿರಬೇಕು. ಪೂರ್ತಿ ಬಿಳಿ ಬರುವುದಿಲ್ಲ, ಸೆರೊಟೋನಿನ್ ಎಳೆಗಳು ಉಳಿದಿರುತ್ತವೆ. ಪಾರ್ಕಿನ್ಸನ್ ಮೇಲೆ ಕೆಲಸ ಮಾಡುವ ಯಾವುದಾದರೂ ಗುಂಪನ್ನು ಕೇಳಿದರೆ ಹಳೆಯ ನಾಲ್ಕು ಸೆಕ್ಷನ್ ಕೊಟ್ಟಾರು. ಇದಕ್ಕೋಸ್ಕರ ನೀವು ಹೊಸದಾಗಿ ಇಲಿ ಕೊಲ್ಲಬೇಕಿಲ್ಲ.

ಪೆಪ್ಟೈಡ್, ಅಂದರೆ ಮೊಲಕ್ಕೆ ಚುಚ್ಚಿದ ಪ್ರೋಟೀನ್ ತುಂಡನ್ನೇ, ಆ್ಯಂಟಿಬಾಡಿಗೆ ಬೆರೆಸಿ ಬಣ್ಣ ಹೋಗುತ್ತದಾ ಅಂತ ನೋಡುವ ಹಳೆ ಪದ್ಧತಿ ಇದೆಯಲ್ಲ, ಅದನ್ನು ಮಾಡಿ. ಆದರೆ ಅದನ್ನು ದೊಡ್ಡ ಸಾಕ್ಷಿ ಅಂದುಕೊಳ್ಳಬೇಡಿ. ಆ್ಯಂಟಿಬಾಡಿ ಆ ಪೆಪ್ಟೈಡಿಗೆ ಅಂಟುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ಮೆದುಳಿನಲ್ಲಿ ಬೇರೆ ಪ್ರೋಟೀನಿಗೂ ಅದೇ ಕೈಯಿಂದ ಅಂಟುತ್ತಿದ್ದರೆ ಆ ಬಣ್ಣವೂ ಹೋಗಿಬಿಡುತ್ತದೆ. ನಿಮಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಅದಕ್ಕಿಂತ, ಪ್ರೋಟೀನಿನ ಬೇರೆ ಭಾಗಕ್ಕೆ ಮಾಡಿದ ಇನ್ನೊಂದು ಆ್ಯಂಟಿಬಾಡಿ ಯಾರ ಹತ್ತಿರವಾದರೂ ಇದ್ದರೆ ಸ್ವಲ್ಪ ಕೇಳಿ ತಂದು ಹಾಕಿ. ಎರಡೂ ಒಂದೇ ನಕ್ಷೆ ಬಿಡಿಸಿದರೆ ನನಗೆ ನಂಬಿಕೆ ಬರುತ್ತದೆ.

ಟ್ಯೂಬಿನ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ. ಪಾಲಿಕ್ಲೋನಲ್ ಅಂದರೆ ಒಂದು ಮೊಲದ ರಕ್ತ. ಆ ಮೊಲ ಹೋದ ಮೇಲೆ ಬರುವುದು ಬೇರೆ ಮೊಲದ್ದು, ಕ್ಯಾಟಲಾಗ್ ನಂಬರ್ ಮಾತ್ರ ಅದೇ ಇರುತ್ತದೆ. ಹೊಸ ಲಾಟ್ ಬಂದಾಗಲೆಲ್ಲ ಈ ತೆಳು ಮಾಡುವ ಪರೀಕ್ಷೆ ಮತ್ತೆ ಮಾಡಬೇಕು. ಬೇಜಾರಿನ ಕೆಲಸ, ಗೊತ್ತು.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರೀಜರ್ ಕರಗುತ್ತದೆ. ಆ್ಯಂಟಿಬಾಡಿ ಹಾಳಾಗುತ್ತದಾ? ಸೋಡಿಯಂ ಅಜೈಡ್ ಇರುವುದರಿಂದ ಪರವಾಗಿಲ್ಲ ಅನ್ನುತ್ತಾರೆ.
— ಲ್ಯಾಬ್ ಟೆಕ್ನೀಶಿಯನ್, ಮದ್ದೂರು

ಉತ್ತರ: ಅಜೈಡ್ ತಡೆಯುವುದು ಬ್ಯಾಕ್ಟೀರಿಯಾ, ಬೂಷ್ಟುಗಳನ್ನು. ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗುವುದರಿಂದ ಆಗುವ ಹಾನಿಯನ್ನಲ್ಲ. ಟ್ಯೂಬ್ ಬಂದ ದಿನವೇ ಐದೈದು ಹತ್ತತ್ತು ಮೈಕ್ರೋಲೀಟರಿನ ಸಣ್ಣ ಪಾಲು ಮಾಡಿ ಇಡಿ, ಒಂದನ್ನು ಒಂದೇ ಸಲ ಕರಗಿಸಿ. ಅರ್ಧದಷ್ಟು ಗ್ಲಿಸರಾಲ್ ಇರುವ ಆ್ಯಂಟಿಬಾಡಿ ಮೈನಸ್ 20ರಲ್ಲಿ ಗಟ್ಟಿಯಾಗುವುದೇ ಇಲ್ಲ, ಕರೆಂಟಿನ ಕಾಟಕ್ಕೆ ಅದು ಒಳ್ಳೇದು. ತಾನೇ ಹಿಮ ಕರಗಿಸುವ ಮನೆ ಬಳಕೆಯ ಫ್ರೀಜರ್ ಬೇಡ, ಅದು ಕರೆಂಟ್ ಇದ್ದರೂ ಬಿಸಿ ತಂಪು ಮಾಡುತ್ತಲೇ ಇರುತ್ತದೆ. ಬೆಂಗಳೂರಿನಿಂದ ತರಿಸುವಾಗ ಶುಕ್ರವಾರ ಕಳಿಸಬೇಡಿ ಅಂತ ಡೀಲರಿಗೆ ಹೇಳಿ, ಭಾನುವಾರ ಪೂರ್ತಿ ಪಾರ್ಸೆಲ್ ಗೋಡೌನಿನಲ್ಲಿ ಕೂತಿರುತ್ತದೆ.

ಅಜೈಡ್ ಬಗ್ಗೆ ಇನ್ನೆರಡು ಎಚ್ಚರ. ಡ್ಯಾಬ್ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಅದು ಕೊಲ್ಲುತ್ತದೆ. ಹಾಗಾಗಿ ಪೆರಾಕ್ಸಿಡೇಸ್ ಹೊತ್ತ ಎರಡನೇ ಆ್ಯಂಟಿಬಾಡಿಗೆ ಅಜೈಡ್ ಹಾಕಲೇಬಾರದು. ಇನ್ನೊಂದು, ಅದನ್ನು ಸಿಂಕಿಗೆ ಸುರಿಯಬೇಡಿ. ಅದು ವಿಷ, ಮೇಲಾಗಿ ತಾಮ್ರ ಸೀಸದ ಪೈಪುಗಳಲ್ಲಿ ಸೇರಿಕೊಂಡು ಸಿಡಿಯುವ ಲವಣವಾಗುತ್ತದೆ.

ಪ್ರಶ್ನೆ: ನಮ್ಮ ತಾತ ಬಿ.ಪಿ.ಗೆ ಸರ್ಪಗಂಧದ ಬೇರು ಕೊಡುತ್ತಿದ್ದರು. ಅದು ಮೆದುಳಿನ ಟ್ರಾನ್ಸ್‌ಪೋರ್ಟರ್ ಮೇಲೆ ಕೆಲಸ ಮಾಡುತ್ತದೆ ಅಂತ ಎಲ್ಲೋ ಓದಿದೆ. ಹೌದಾ?
— ಓದುಗರು, ಮಳವಳ್ಳಿ

ಉತ್ತರ: ಹೌದು, ಮೇಲೆ ಆ ಹುಡುಗಿ ಹುಡುಕುತ್ತಿರುವ ಅದೇ ವಿಮ್ಯಾಟ್ ಮೇಲೆ. ಸರ್ಪಗಂಧದಲ್ಲಿ ರಿಸರ್ಪಿನ್ ಇದೆ, 1952ರಲ್ಲಿ ಬೇರ್ಪಡಿಸಿದರು. ಅದಕ್ಕೂ ಮೊದಲೇ, 1949ರಲ್ಲಿ ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ ಈ ಬೇರಿನಿಂದ ಬಿ.ಪಿ. ಇಳಿಯುವುದನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದಿದ್ದರು. ರಿಸರ್ಪಿನ್ ವಿಮ್ಯಾಟ್‌ಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂದರೆ ಬಿಡುವುದೇ ಇಲ್ಲ ಅನ್ನಬಹುದು. ಚೀಲ ತುಂಬುವುದು ನಿಲ್ಲುತ್ತದೆ. ಹೊರಗೆ ಉಳಿದ ಡೋಪಮಿನ್, ನಾರ್‌ಅಡ್ರಿನಲಿನ್ ಕೋಶದಲ್ಲೇ ಕೊಳೆತು ಹೋಗುತ್ತವೆ. ಬಿ.ಪಿ. ಇಳಿಯುತ್ತದೆ. ಕೆಲವರಿಗೆ ಮಂಕು ಕವಿಯುತ್ತದೆ, ಕೈಕಾಲು ಸೆಟೆಯುತ್ತದೆ.

ಈ ಸೆಟೆತದಿಂದಲೇ ದೊಡ್ಡ ವಿಷಯ ಒಂದು ಹೊರಬಿತ್ತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್, ರಿಸರ್ಪಿನ್ ಕೊಟ್ಟು ಅಲ್ಲಾಡದಂತಾದ ಮೊಲಗಳಿಗೆ ಎಲ್-ಡೋಪಾ ಜಾತಿಯ ರಾಸಾಯನಿಕ ಚುಚ್ಚಿದಾಗ ಅವು ಎದ್ದು ಓಡಾಡಿದವು. ಇವತ್ತು ಪಾರ್ಕಿನ್ಸನ್‌ಗೆ ಕೊಡುವ ಮಾತ್ರೆಯ ಬೇರು ಅಲ್ಲಿದೆ. ಅವರಿಗೆ 2000ದಲ್ಲಿ ನೊಬೆಲ್ ಬಂತು. ವಿಮ್ಯಾಟ್‌ನ ಜೀನ್ ಮಾತ್ರ 1992ರವರೆಗೆ ಸಿಕ್ಕಿರಲಿಲ್ಲ. ಆಗ ಸಿಕ್ಕ ದಾರಿಗಳಲ್ಲಿ ಒಂದು ಮಜವಾಗಿದೆ: ನರಕೋಶ ಕೊಲ್ಲುವ ಎಂಪಿಪಿ ಅನ್ನುವ ವಿಷ ಹಾಕಿದರೂ ಸಾಯದ ಕೋಶ ಯಾವುದು ಅಂತ ಹುಡುಕಿದರು. ವಿಷವನ್ನು ಚೀಲಕ್ಕೆ ತುಂಬಿ ಬಚ್ಚಿಟ್ಟುಕೊಂಡ ಕೋಶಗಳು ಬದುಕಿದ್ದವು, ತುಂಬುತ್ತಿದ್ದದ್ದು ಈ ವಿಮ್ಯಾಟ್ ಕುಟುಂಬದ ಪ್ರೋಟೀನ್.

ತಾತ ಕೊಟ್ಟರು ಅಂತ ನೀವು ಬೇರು ಅರೆದು ಕುಡಿಯಬೇಡಿ. ಒಂದು ಬೇರಿನಲ್ಲಿ ಎಷ್ಟು ರಿಸರ್ಪಿನ್ ಇದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಬಿ.ಪಿ.ಗೆ ಈಗ ಇದಕ್ಕಿಂತ ಒಳ್ಳೆ ಮಾತ್ರೆಗಳಿವೆ.

ಪ್ರಶ್ನೆ: ತಂದೆಗೆ 68 ವರ್ಷ, ಬಲಗೈ ನಡುಗುತ್ತದೆ. ಪಾರ್ಕಿನ್ಸನ್ ಹೌದೋ ಅಲ್ಲವೋ ಅಂತ ಡೋಪಮಿನ್ ಟ್ರಾನ್ಸ್‌ಪೋರ್ಟರ್ ಆ್ಯಂಟಿಬಾಡಿ ಟೆಸ್ಟ್ ಮಾಡಿಸಬಹುದಾ? ರಕ್ತದಲ್ಲೇ ಗೊತ್ತಾಗುತ್ತದೆ ಅಂತ ಒಬ್ಬರು ಹೇಳಿದರು.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಆಗುವುದಿಲ್ಲ. ದಯವಿಟ್ಟು ಅದಕ್ಕೆ ದುಡ್ಡು ಕೊಡಬೇಡಿ. ಇಲ್ಲಿ ಮಾತಾಡುತ್ತಿರುವ ಆ್ಯಂಟಿಬಾಡಿ ಕತ್ತರಿಸಿದ ಮೆದುಳಿನ ಹಾಳೆಗೆ ಹಾಕುವಂಥದ್ದು. ಬದುಕಿರುವ ಮನುಷ್ಯನಿಗೆ ಅದು ರೋಗ ಪತ್ತೆಯ ಟೆಸ್ಟ್ ಅಲ್ಲ.

ಪಾರ್ಕಿನ್ಸನ್ ಅಂತ ಹೇಳುವುದು ಮುಖ್ಯವಾಗಿ ನರರೋಗ ತಜ್ಞರ ಕಣ್ಣು, ಕೈ. ನಡಿಗೆ ನೋಡುತ್ತಾರೆ, ತೋಳು ಮಡಿಸಿ ಬಿಡಿಸಿ ಬಿಗಿತ ನೋಡುತ್ತಾರೆ, ಬೆರಳು ತಟ್ಟಿಸುತ್ತಾರೆ, ಮಾತ್ರೆಗೆ ಹೇಗೆ ಬಗ್ಗುತ್ತದೆ ಅಂತ ಕೆಲವು ತಿಂಗಳು ನೋಡುತ್ತಾರೆ. ತೀರಾ ಅನುಮಾನ ಇದ್ದಾಗ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಟ್ರೋಡ್ಯಾಟ್ ಅನ್ನುವ ಸ್ಕ್ಯಾನ್ ಮಾಡುತ್ತಾರೆ. ಡೋಪಮಿನ್ ಟ್ರಾನ್ಸ್‌ಪೋರ್ಟರ್‌ಗೆ ಅಂಟುವ ಒಂದು ಸಣ್ಣ ಅಣುವಿಗೆ ಟೆಕ್ನೀಷಿಯಂ ಕಟ್ಟಿ ನರಕ್ಕೆ ಕೊಡುತ್ತಾರೆ, ಅದರ ವಿಕಿರಣ ಆರು ಗಂಟೆಗೆ ಅರ್ಧವಾಗುತ್ತದೆ. ಆರೋಗ್ಯವಂತರ ಚಿತ್ರದಲ್ಲಿ ಎರಡು ಅಲ್ಪವಿರಾಮ ಚಿಹ್ನೆ ಕಾಣುತ್ತವೆ. ಪಾರ್ಕಿನ್ಸನ್‌ನಲ್ಲಿ ಬಾಲ ಉದುರಿ ಚುಕ್ಕಿ ಉಳಿಯುತ್ತದೆ. ಆದರೆ ಪಾರ್ಕಿನ್ಸನ್ ಹೋಲುವ ಇನ್ನೂ ಕೆಲವು ಕಾಯಿಲೆಗಳಲ್ಲೂ ಬಾಲ ಉದುರುತ್ತದೆ, ಹಾಗಾಗಿ ಅದೇ ಕೊನೆಯ ಮಾತಲ್ಲ. ಎಲ್ಲರಿಗೂ ಬೇಕಾಗಿಯೂ ಇಲ್ಲ.

ಒಂದು ಕೆಲಸ ಇವತ್ತೇ ಮಾಡಿ. ಅಪ್ಪ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು ಒಂದು ಕವರಿಗೆ ಹಾಕಿ ಡಾಕ್ಟರ ಮುಂದೆ ಇಡಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮನೋರೋಗದ ಕೆಲವು ಮಾತ್ರೆಗಳು ಪಾರ್ಕಿನ್ಸನ್ ತರಹದ್ದೇ ನಡುಕ, ಬಿಗಿತ ತರುತ್ತವೆ. ಡಾಕ್ಟರ್ ಬದಲಾಯಿಸಿದರೆ ಬಹಳ ಜನರಿಗೆ ಅದು ನಿಧಾನವಾಗಿ ಹೋಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಕಿವಿಯಲ್ಲೂ ಇಂಥ ಟ್ರಾನ್ಸ್‌ಪೋರ್ಟರ್ ಇದೆಯಾ? ನಾನು ವಾಕ್ ಶ್ರವಣ ಓದುತ್ತಿದ್ದೇನೆ.
— ವಿದ್ಯಾರ್ಥಿ, ಮೈಸೂರು

ಉತ್ತರ: ಇದೆ. ಒಳಗಿವಿಯ ರೋಮಕೋಶಗಳು ನರಕ್ಕೆ ಸುದ್ದಿ ಕೊಡುವುದು ಗ್ಲುಟಮೇಟ್ ಬಿಟ್ಟು. ಆ ಗ್ಲುಟಮೇಟನ್ನು ಚೀಲಕ್ಕೆ ತುಂಬುವುದು ವಿಗ್ಲುಟ್-3. ಆ ಜೀನ್ ತೆಗೆದ ಇಲಿಗಳು ಹುಟ್ಟು ಕಿವುಡು ಅಂತ 2008ರಲ್ಲಿ ಗೊತ್ತಾಯಿತು. 2012ರಲ್ಲಿ ವೈರಸ್ ಮೂಲಕ ಜೀನನ್ನು ವಾಪಸ್ ಕೊಟ್ಟಾಗ ಮರಿಗಳಿಗೆ ಕೇಳಿಸಿತು. ಮನುಷ್ಯರಲ್ಲಿ ಈ ಜೀನಿನ ದೋಷದಿಂದ ವಯಸ್ಸಾಗುತ್ತಾ ಕಿವಿ ಮಂದವಾಗುವ ಕುಟುಂಬಗಳಿವೆ. 1965ರಲ್ಲಿ ಶುರುವಾದ, ಈಗ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇರುವ ಊರಿನಲ್ಲಿದ್ದು ಇಂಥ ಪ್ರಶ್ನೆ ಕೇಳದೆ ಇದ್ದರೆ ಹೇಗೆ!

ಪ್ರಶ್ನೆ: ಇದಕ್ಕೆಲ್ಲ ಮೊಲಗಳನ್ನು ಹಿಂಸೆ ಮಾಡಲೇಬೇಕಾ?
— ಓದುಗರು, ನಾಗಮಂಗಲ

ಉತ್ತರ: ಕಡಿಮೆ ಮಾಡುತ್ತಾ ಬರಬಹುದು, ಬರುತ್ತಲೂ ಇದ್ದಾರೆ. 1975ರಲ್ಲಿ ಕೋಹ್ಲರ್, ಮಿಲ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಒಂದೇ ಬಗೆಯ ಆ್ಯಂಟಿಬಾಡಿಯನ್ನು ಕೋಶಗಳಿಂದ ಎಷ್ಟು ಬೇಕಾದರೂ ತಯಾರಿಸುವ ದಾರಿ ತೋರಿಸಿದರು. ಈಗ ಇನ್ನೂ ಮುಂದೆ ಹೋಗಿ, ಆ್ಯಂಟಿಬಾಡಿಯ ಜೀನಿನ ಅಕ್ಷರಗಳನ್ನೇ ಓದಿಟ್ಟುಕೊಂಡು ಕೋಶಗಳಲ್ಲಿ ಅದನ್ನು ಮಾಡಿಸುತ್ತಾರೆ. ಲಾಟ್ ಬದಲಾದರೂ ವಸ್ತು ಅದೇ. ಪ್ರಾಣಿಯೇ ಇಲ್ಲದೆ, ವೈರಸ್ಸುಗಳ ಮೇಲೆ ಆ್ಯಂಟಿಬಾಡಿ ಆರಿಸುವ ವಿಧಾನಕ್ಕೆ 2018ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನನ್ನ ಅಭಿಪ್ರಾಯ ಕೇಳಿದರೆ, ಒಂದು ಟ್ರಾನ್ಸ್‌ಪೋರ್ಟರ್‌ಗೆ ಇಂಥ ಆ್ಯಂಟಿಬಾಡಿ ಸಿಗುವಾಗ ಹಳೆ ಪಾಲಿಕ್ಲೋನಲ್ ತರಿಸುವುದು ಸುಮ್ನೆ ಹಟ. ದುಬಾರಿ ಅಂತಾರೆ, ಆದರೆ ಕೆಟ್ಟ ಲಾಟ್‌ಗೆ ಹೋದ ಇಲಿಗಳ ಲೆಕ್ಕ ಯಾರೂ ಹಾಕುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸತ್ತ ಮೇಲೆ ಮೆದುಳನ್ನು ಇಂಥ ಸಂಶೋಧನೆಗೆ ಕೊಡಬಹುದಾ? ನನಗೆ ನರದ ಕಾಯಿಲೆ ಯಾವುದೂ ಇಲ್ಲ, ಹಾಗಿದ್ದರೂ ತೆಗೆದುಕೊಳ್ಳುತ್ತಾರಾ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕೊಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕ್ ಇದೆ. ಅಲ್ಲಿ ವಿಚಾರಿಸಿ, ಮನೆಯವರಿಗೂ ಈಗಲೇ ಹೇಳಿಡಿ, ಯಾಕೆಂದರೆ ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಅವರು. ಸಾವಾದ ಮೇಲೆ ತಡವಾದಷ್ಟೂ ಪ್ರೋಟೀನುಗಳು ಕೆಡುತ್ತವೆ. ಮೈಸೂರಿನಿಂದ ದೂರವೂ ಇದೆ, ಹಾಗಾಗಿ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಬರೆದು ಮನೆಯಲ್ಲಿ ಕಾಣುವ ಕಡೆ ಅಂಟಿಸಿ.

ಮನುಷ್ಯರ ಮೆದುಳಿನ ಕೆಲಸ ಇಲಿಯದ್ದಕ್ಕಿಂತ ಕಷ್ಟ. ನಮ್ಮ ಸಬ್‌ಸ್ಟಾನ್ಷಿಯಾ ನೈಗ್ರಾದ ಕೋಶಗಳಲ್ಲಿ ವಯಸ್ಸಾದಂತೆ ನ್ಯೂರೋಮೆಲನಿನ್ ಅನ್ನುವ ಕಂದು ಬಣ್ಣ ತುಂಬಿರುತ್ತದೆ. ಡ್ಯಾಬ್ ಕೂಡ ಕಂದು. ಏನೂ ಹಾಕದೆಯೇ ಕಂದು ಇರುವ ಕೋಶವನ್ನು ನೋಡಿ ‘ಬಂತು ಬಂತು’ ಅನ್ನುವ ಅಪಾಯ ಇದೆ, ಅದಕ್ಕೇ ಅಲ್ಲಿ ಕೆಂಪು ಅಥವಾ ನೇರಳೆ ಬಣ್ಣ ಬಳಸುವುದು ವಾಸಿ. ಹೊಳೆಯುವ ಬಣ್ಣ ಬಳಸಿದರೆ ಇನ್ನೊಂದು ತೊಡಕು, ವಯಸ್ಸಾದ ಕೋಶಗಳಲ್ಲಿ ಸೇರಿಕೊಂಡ ಲಿಪೋಫ್ಯೂಸಿನ್ ತಾನೇ ಹೊಳೆಯುತ್ತದೆ. ಇದನ್ನೆಲ್ಲ ದಾಟಿ, ಪಾರ್ಕಿನ್ಸನ್ ಇದ್ದವರಲ್ಲಿ ವಿಮ್ಯಾಟ್ ಎಷ್ಟು ಕಡಿಮೆಯಾಗಿದೆ ಅಂತ ಹೇಳಬೇಕಾದರೆ ಪಕ್ಕದಲ್ಲಿ ಅದೇ ವಯಸ್ಸಿನ, ಕಾಯಿಲೆ ಇಲ್ಲದ ಒಬ್ಬರ ಮೆದುಳಿನ ಸೆಕ್ಷನ್ ಇರಲೇಬೇಕು. ಕಾಯಿಲೆ ಇದ್ದವರ ಮನೆಯವರಿಗೆ ದಾನದ ಯೋಚನೆಯಾದರೂ ಬರುತ್ತದೆ, ಆರೋಗ್ಯವಾಗಿ ಬದುಕಿ ಹೋದವರದ್ದು ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ತೆಗೆದುಕೊಳ್ಳುತ್ತಾರಾ ಅಂತ ಸಂಕೋಚ ಪಡಬೇಡಿ ಟೀಚರ್. ನಿಮ್ಮಂಥವರದ್ದೇ ಬೇಕು.